ಹಣ್ಣು ಮಾಗಿಸುವ ಕೋಣೆಯ ಹಾಡು

ಮೊದಲೇ ಹೇಳಿಬಿಡುತ್ತೇನೆ, ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಮನೆಯಲ್ಲಿ ಯಾರಾದರೂ ಗಾಳಿ, ಸೋಕು, ನೆರಳು ಅಂತ ಶುರು ಮಾಡಿದರೆ ತಟ್ಟೆ ಎತ್ತಿಕೊಂಡು ಹೋಗಿ ಜಗಲಿಯಲ್ಲಿ ಊಟ ಮುಗಿಸುತ್ತಿದ್ದೆ. ಚಾಮರಾಜನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ಗಾಜಿನ ಮೇಲೆ ಕಂಡರೆ ಉಂಟು, ಕಾಣದಿದ್ದರೆ ಇಲ್ಲ, ಅಷ್ಟೆ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಬರೆದಿದ್ದರೆ ಮೊದಲು ನಗುತ್ತಿದ್ದವಳು ನಾನೇ. ಹಾಗಾಗಿ ನೀವು ನಕ್ಕರೆ ನನಗೆ ಬೇಜಾರಿಲ್ಲ.

ನನಗಿರುವ ಹುಚ್ಚು ಒಂದೇ, ಹಾಡು ಕೇಳುವುದು. ಅದೂ ಊರಿಗೆಲ್ಲ ಗೊತ್ತಿರುವ ಹಾಡಲ್ಲ. ನಮ್ಮ ಕಡೆಯ ಹುಡುಗರು ತಾವೇ ಬರೆದು, ತಾವೇ ರಾಗ ಹಾಕಿ, ಛತ್ರದಲ್ಲೋ ಯಾರದೋ ತಾರಸಿಯ ಮೇಲೋ ಹಾಡುತ್ತಾರಲ್ಲ, ಅದು. ಅವರು ಅದನ್ನು ಗಿಗ್ ಅನ್ನುತ್ತಾರೆ, ನಮ್ಮಮ್ಮ ಪ್ರೋಗ್ರಾಮು ಅನ್ನುತ್ತಾಳೆ. "ಮೂವತ್ತು ದಾಟ್ದ ಎಣ್ಣು ಪ್ರೋಗ್ರಾಮು ಅಂತ ಗಾಡಿ ಅತ್ಕಂಡು ಓಯ್ತದಲ್ಲ, ನೋಡ್ದೋರು ಏನಂದ್ಕಂಡಾರು" ಅನ್ನುವುದು ಅವಳ ಚಿಂತೆ. ನೋಡಿದವರು ಏನೂ ಅಂದುಕೊಳ್ಳುತ್ತಿರಲಿಲ್ಲ, ಯಾಕೆಂದರೆ ನೋಡುವುದಕ್ಕೆ ಅಲ್ಲಿ ಜನವೇ ಇರುತ್ತಿರಲಿಲ್ಲ. ಟೀ ಮಾರುವವನನ್ನೂ ಸೇರಿಸಿದರೆ ಒಂದು ಪಂಕ್ತಿಗೆ ಸಾಲದಷ್ಟು ಮಂದಿಯ ಮುಂದೆ ಆ ಹುಡುಗರು ಪ್ರಾಣ ಕೊಟ್ಟು ಹಾಡುವುದನ್ನು ನಾನು ನೋಡಿದ್ದೇನೆ.

ಅದರಲ್ಲಿ ನನಗೆ ಜೀವಕ್ಕೆ ಜೀವವಾಗಿದ್ದ ತಂಡದ ಹೆಸರು 'ಒಂಬತ್ತರ ಗೇಟು'. ಬಂಡೀಪುರದ ರಸ್ತೆಗೆ ರಾತ್ರಿ ಒಂಬತ್ತಕ್ಕೆ ಗೇಟು ಬೀಳುತ್ತದಲ್ಲ, ಅದು. ಹಾಡುವವನು ಮಾದೇಶ. ಹಂಗಳದವನು, ನನಗಿಂತ ಚಿಕ್ಕವನು, ಗುಂಡ್ಲುಪೇಟೆಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ. ಮನೆಯಲ್ಲಿ ಮಾತಾಡುವ ಹಾಗೇ ಹಾಡುತ್ತಾನೆ, ಓಗನ, ಬುಡು, ಕಣ್ಲಾ ಎಲ್ಲ ಹಾಡಿನಲ್ಲೂ ಇರುತ್ತವೆ. ಮೊದಲ ಸಲ ಕೇಳಿದಾಗ ನನಗೆ ಅಳು ಬಂದುಬಿಟ್ಟಿತ್ತು. ನಮ್ಮ ಮಾತಿನಲ್ಲೂ ಹಾಡು ಆಗುತ್ತದೆ ಅಂತ ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಆ ತಂಡ ತನ್ನ ಮೊದಲ ಆಲ್ಬಂ ಮಾಡಲು ಹೊರಟಾಗ ಮೈಸೂರಿನ ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ಮಾದೇಶನಿಗೆ ಗಂಟಲೇ ಏಳಲಿಲ್ಲವಂತೆ. ಪೆಚ್ಚು ಮುಖ ಹಾಕಿಕೊಂಡು ವಾಪಸ್ ಬಂದರು. ಆಗ ನಮ್ಮ ಚಿಕ್ಕಪ್ಪನ ಗೋಡೌನನ್ನು ತೋರಿಸಿದವಳು ನಾನು. ಚಿಕ್ಕಪ್ಪನದು ಬಾಳೆಹಣ್ಣಿನ ವ್ಯಾಪಾರ. ಗುಂಡ್ಲುಪೇಟೆ ರಸ್ತೆಯಲ್ಲಿ, ಹರವೆ ಕಡೆಗೆ ತಿರುಗುವ ಮೊದಲು ಅವನ ಗೋಡೌನು. ಅದರಲ್ಲಿ ಕಾಯಿ ಮಾಗಿಸುವ ಒಂದು ಕೋಣೆ ಇದೆ. ತಗಡಿನ ಗೋಡೆ, ಗೋಡೆಯೊಳಗೆ ದಪ್ಪ ಫೋಮು, ಫ್ರಿಜ್ಜಿನ ಬಾಗಿಲನ್ನು ಹತ್ತು ಪಟ್ಟು ಮಾಡಿದಂಥ ಬಾಗಿಲು. ಹಸಿರು ಗೊನೆ ತುಂಬಿ, ಗ್ಯಾಸು ಬಿಟ್ಟು ಮುಚ್ಚಿದರೆ ನಾಲ್ಕಾರು ದಿನಕ್ಕೆ ಎಲ್ಲ ಒಂದೇ ಹಳದಿ. ಬಾಗಿಲು ಹಾಕಿದರೆ ರಸ್ತೆಯ ಲಾರಿ ಹಾರನ್ನು ಕೂಡ ಒಳಗೆ ಕೇಳುವುದಿಲ್ಲ, ಫೋನಿನ ಸಿಗ್ನಲ್ಲೂ ಬರುವುದಿಲ್ಲ. ಮಾದೇಶ ಒಳಗೆ ನಿಂತು ಒಂದು ಚಪ್ಪಾಳೆ ತಟ್ಟಿ ನಕ್ಕ. "ಇಲ್ಲಿ ಎಬ್ಸಿದ್ ಸದ್ದು ಎಲ್ಲೂ ಓಗಲ್ಲ ಕಣಕ್ಕ" ಅಂದ. ಆ ಮಾತಿಗೆ ನಾನೂ ಖುಷಿಯಿಂದ ತಲೆಯಾಡಿಸಿದೆ.

ಕಾಯಿ ಬರದ ದಿನಗಳನ್ನು ನೋಡಿಕೊಂಡು ಅಲ್ಲಿ ರೆಕಾರ್ಡಿಂಗ್ ಮಾಡಿದರು. ಸದ್ದು ಗೋಡೆಗೆ ಬಡಿದು ವಾಪಸ್ ಬರಬಾರದು ಅಂತ ನಮ್ಮ ಮನೆಯ ಜಮಖಾನಗಳನ್ನೆಲ್ಲ ತಂದು ಗೋಡೆಗೆ ಇಳಿಬಿಟ್ಟೆವು. ನಾನು ಒಳಗೆ ಹೋಗಲಿಲ್ಲ. ಉಸಿರಾಡಿದರೂ ಮೈಕಿಗೆ ಗೊತ್ತಾಗುತ್ತದೆ ಅಂದಿದ್ದರಿಂದ ಹೊರಗೆ ಬೇವಿನ ಮರದಡಿ ಕೂತು ಟೀ ಕಾಯಿಸಿಕೊಟ್ಟೆ. ಇದು ಮುಖ್ಯ, ದಯವಿಟ್ಟು ನೆನಪಿಟ್ಟುಕೊಳ್ಳಿ. ಆ ದಿನಗಳಲ್ಲಿ ನನ್ನ ದನಿ ಆ ಕೋಣೆಯೊಳಗೆ ಬೀಳಲಿಲ್ಲ.

ರೆಕಾರ್ಡಿಂಗ್ ಮುಗಿದು ಕೆಲವು ವಾರ ಕಳೆದ ಮೇಲೆ ಒಂದು ಶನಿವಾರ ಗುಂಡ್ಲುಪೇಟೆಯ ಛತ್ರವೊಂದರಲ್ಲಿ ಅವರ ಗಿಗ್ ಇತ್ತು. ಸಂಜೆ ಹಾಡು ಕೇಳಿ, ರಾತ್ರಿ ಹಂಗಳದಲ್ಲಿ ಗೆಳತಿಯ ಮನೆಯಲ್ಲಿದ್ದು, ಭಾನುವಾರ ಬರುತ್ತೇನೆ ಅಂತ ಮನೆಯಲ್ಲಿ ಹೇಳಿ ಮಧ್ಯಾಹ್ನವೇ ಹೊರಟೆ. ಗೆಳತಿಗೆ ಮಾತ್ರ, ಸಾಧ್ಯವಾದರೆ ಬರುತ್ತೇನೆ, ಇಲ್ಲದಿದ್ದರೆ ಮನೆಗೇ ವಾಪಸ್ ಹೋಗುತ್ತೇನೆ, ಕಾಯಬೇಡ ಅಂದಿದ್ದೆ. ದಾರಿಯಲ್ಲೇ ಗೋಡೌನು. ರೆಕಾರ್ಡಿಂಗ್ ಆದ ಮೇಲೆ ಬಿಚ್ಚಿ ಕೋಣೆಯ ಮೂಲೆಯಲ್ಲೇ ಬಿಟ್ಟಿದ್ದ ಜಮಖಾನಗಳನ್ನು ಸೋಮವಾರ ಲೋಡು ಬರುವುದರೊಳಗೆ ತೆಗೆದುಕೊಂಡು ಹೋಗು ಅಂತ ಚಿಕ್ಕಪ್ಪ ಹೇಳುತ್ತಲೇ ಇದ್ದ. ಮಡಿಸಿ ಆಫೀಸು ರೂಮಿನಲ್ಲಿ ಇಟ್ಟು ಹೋಗೋಣ ಅಂತ ಗಾಡಿಯನ್ನು ಹಿಂದಿನ ನೆರಳಲ್ಲಿ ನಿಲ್ಲಿಸಿ ಒಳಗೆ ಹೋದೆ.

ಆ ಗೋಡೌನಿನಲ್ಲಿ ಎಲ್ಲರಿಗೂ ಒಂದು ಅಭ್ಯಾಸ. ಮಾಗಿಸುವ ಕೋಣೆಯ ಬಾಗಿಲು ತೆರೆದಿರುವುದು ಕಂಡರೆ ಸಾಕು, ಹೋಗುತ್ತಾ ಬರುತ್ತಾ ಕಾಲಲ್ಲೇ ಒದ್ದು ಮುಚ್ಚಿಬಿಡುತ್ತಾರೆ. ತಂಪು ಸೋರಿ ಹೋಗಬಾರದಲ್ಲ. ಒಳಗೆ ಕಾಯಿ ಇದೆಯೋ ಇಲ್ಲವೋ, ಯಂತ್ರ ಓಡುತ್ತಿದೆಯೋ ಇಲ್ಲವೋ ಅಂತ ಯಾರೂ ನೋಡುವುದಿಲ್ಲ. ಕಾಲು ತಾನಾಗಿ ಏಳುತ್ತದೆ. ನಾನೂ ಎಷ್ಟೋ ಸಲ ಒದ್ದಿದ್ದೇನೆ. ನಾನು ಮೂಲೆಯಲ್ಲಿ ಕ್ರೇಟುಗಳ ಹಿಂದೆ ಬಗ್ಗಿ ಜಮಖಾನ ಮಡಿಸುತ್ತಿದ್ದಾಗ ಚಿಕ್ಕಪ್ಪ ಆಫೀಸಿಗೆ ಬೀಗ ಹಾಕಲು ಬಂದವನು ಹಾಗೇ ಒದ್ದು ಹೋದ. ಗೋಡೌನಿನಲ್ಲಿ ಬೀಗ ಬೀಳುವುದು ಆಫೀಸಿಗೆ ಮಾತ್ರ. ನಾನು ಬಂದಿರುವುದು ಅವನಿಗೆ ಗೊತ್ತಿರಲಿಲ್ಲ. ನಂಜನಗೂಡಿನಲ್ಲಿ ಯಾರದೋ ಮನೆಯ ನಾಮಕರಣ, ಆ ಅವಸರದಲ್ಲಿದ್ದ.

ಒಳಗಿನಿಂದ ಬಾಗಿಲು ತೆಗೆಯಲು ಒಂದು ಗುಬಟು ಇತ್ತು. ಕ್ರೇಟು ಬಡಿದು ಅದು ಮುರಿದು ಬಹಳ ದಿನವಾಗಿತ್ತು. ಕೇಳಿದರೆ ಚಿಕ್ಕಪ್ಪ "ಮಾಡ್ಸನ ಬುಡಮ್ಮಿ" ಅನ್ನುತ್ತಿದ್ದ. ದೀಪದ ಸ್ವಿಚ್ಚು ಹೊರಗಡೆ, ಹಗಲಲ್ಲವಾ ಅಂತ ನಾನು ಹಾಕಿರಲಿಲ್ಲ. ಮೊದಲು ನನಗೆ ಬರೀ ಸಿಟ್ಟು ಬಂತು. ಕೂಗಿದೆ, ಬೈದೆ, ಒದ್ದೆ. ಫೋನಿನ ಬೆಳಕಿನಲ್ಲಿ ಸಿಗ್ನಲ್ ಹುಡುಕುತ್ತಾ ಗೋಡೆಗುಂಟ ಸುತ್ತಿದೆ. ದಾರಿಯುದ್ದಕ್ಕೂ ಹಾಡು ಕೇಳುತ್ತಾ ಬಂದಿದ್ದರಿಂದ ಇದ್ದ ಬದ್ದ ಚಾರ್ಜೂ ಮುಗಿದು ಅದು ಆರಿತು. ಆಗ ಹೆದರಿಕೆ ಬಂತು. ಮನೆಯವರ ಲೆಕ್ಕದಲ್ಲಿ ನಾನು ಗೆಳತಿಯ ಮನೆಯಲ್ಲಿದ್ದೇನೆ, ಗೆಳತಿಯ ಲೆಕ್ಕದಲ್ಲಿ ನನ್ನ ಮನೆಯಲ್ಲಿ. ಸೋಮವಾರದವರೆಗೆ ಈ ಬಾಗಿಲನ್ನು ಯಾರೂ ತೆಗೆಯುವುದಿಲ್ಲ. ಗಾಳಿಯಾಡದ ಕೋಣೆ. ಅಂದು ಬೆಳಗ್ಗೆ ತಾನೇ ಹಣ್ಣು ಖಾಲಿ ಮಾಡಿದ್ದರು, ಆ ಸಿಹಿ ವಾಸನೆ ಮೂಗಿಗೆ ಮೆತ್ತಿಕೊಂಡಿತ್ತು. ಬಾಗಿಲು ತೆಗೆದು ಸ್ವಲ್ಪ ಹೊತ್ತು ಬಿಟ್ಟೇ ಒಳಗೆ ಹೋಗಬೇಕು, ಉಸಿರು ಕಟ್ಟುತ್ತದೆ ಅಂತ ಚಿಕ್ಕಪ್ಪ ಎಲ್ಲರಿಗೂ ಹೇಳುತ್ತಿದ್ದದ್ದು ನೆನಪಾಯಿತು. ಸಾಯುತ್ತೇನೆ ಅಂತ ಅನ್ನಿಸಿತು. ಬೇರೆ ಮಾತಿನಲ್ಲಿ ಹೇಳಲು ಬರುವುದಿಲ್ಲ. ಅಮ್ಮನನ್ನು ನೆನೆದು ಅತ್ತೆ.

ಅತ್ತು ಸಾಕಾದ ಮೇಲೆ ಹೆಲ್ಮೆಟ್ಟು ತೆಗೆದುಕೊಂಡು ಬಾಗಿಲಿಗೆ ಬಡಿಯುತ್ತಾ ಕೂತೆ. ಸುಮ್ಮನೆ ಬಡಿದರೆ ಕೈ ಬೇಗ ಸೋಲುತ್ತದೆ, ತಾಳ ಹಿಡಿದು ಬಡಿದರೆ ಆಗುತ್ತದೆ. ಹಾಗಾಗಿ ಆಲ್ಬಂನ ಹಾಡುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಾ ಬಡಿದೆ. ಕೊನೆಯದು ನಿಧಾನದ ಹಾಡು, ಗೇಟು ಬಿದ್ದ ಮೇಲೆ ಈಚೆ ಕಡೆ ಉಳಿದುಹೋದ ಒಬ್ಬ ಮನುಷ್ಯನದು. ಅದಕ್ಕೆ ಬರುವ ಹೊತ್ತಿಗೆ ನನ್ನ ದನಿ ನಿಂತಿತ್ತು. ಹಾಡು ನಿಲ್ಲಲಿಲ್ಲ. ಕತ್ತಲಲ್ಲಿ ನನ್ನ ಸುತ್ತಲೂ ತಂಡ ನುಡಿಸುತ್ತಿತ್ತು, ಮಾದೇಶ ನನ್ನಿಂದ ಒಂದು ಮಾರು ದೂರದಲ್ಲಿ ನಿಂತು ಹಾಡುತ್ತಿದ್ದ. ಉಸಿರು ಎಳೆದುಕೊಳ್ಳುವುದು ಕೂಡ ಕೇಳುತ್ತಿತ್ತು. ನನಗೆ ಆಶ್ಚರ್ಯ ಆಗಲಿಲ್ಲ, ಕೋಪ ಬಂತು. ಇಷ್ಟು ಹತ್ತಿರ ಇದ್ದುಕೊಂಡು ಹಾಡುತ್ತಾ ನಿಂತಿದ್ದಾನಲ್ಲ ಅಂತ. "ಮಾದೇಶ, ಆಡಿದ್ ಸಾಕು, ಬಾಗ್ಲು ತಗಿಲಾ" ಅಂತ ಕೂಗಿದೆ. ಮತ್ತೆ ಮತ್ತೆ ಅದನ್ನೇ ಕೂಗಿದೆ.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಬಾಗಿಲು ತೆರೆಯಿತು. ಹೊರಗೆ ಇನ್ನೂ ಸಂಜೆ ಬಿಸಿಲಿತ್ತು. ಮಾದೇಶ ನಿಂತಿದ್ದ, ಮುಖ ಬಿಳಿಚಿಕೊಂಡಿತ್ತು.

ನಾನು ಅವನನ್ನು ಬೈದೆ. "ಎಷ್ಟೊತ್ನಿಂದ ಕೂಗ್ತಾ ಇವ್ನಿ, ಕಿವಿಗೇನ್ ತುಂಬ್ಕಂಡಿದ್ದೆ?"

"ಕೇಳುಸ್ತು, ಅದ್ಕೇ ಬಂದೆ ಕಣಕ್ಕ" ಅಂದ. ಆಮೇಲೆ ತಡವರಿಸುತ್ತಾ, "ಗುಂಡ್ಲುಪೇಟೆಲಿ ಕೇಳುಸ್ತು" ಅಂದ.

ಆಗಿದ್ದು ಇಷ್ಟು. ಛತ್ರದಲ್ಲಿ ಸ್ಪೀಕರು ಪರೀಕ್ಷೆ ಮಾಡಲು ತಮ್ಮದೇ ಆಲ್ಬಂನ ಆ ಕೊನೆಯ ಹಾಡನ್ನು ಹಾಕಿದ್ದರು. ಹಾಡಿನ ನಡುವೆ ತಟ್ಟುವ ಸದ್ದು ಬಂತಂತೆ. ಸ್ಪೀಕರು ಕೆಟ್ಟಿದೆ ಅಂದುಕೊಂಡರು. ಆಮೇಲೆ ಒಂದು ಹೆಣ್ಣುದನಿ ಅವನ ಹೆಸರು ಹಿಡಿದು ಬಾಗಿಲು ತೆಗೆ ಅಂದಿತು. ಅಕ್ಕನ ದನಿ ಅಂತ ಅವನಿಗೆ ಗೊತ್ತಾಯಿತು. ನನಗೆ ಫೋನ್ ಮಾಡಿದ, ಸ್ವಿಚ್ಡ್ ಆಫ್. ಯಾರಿಗೂ ಏನೂ ಹೇಳದೆ ಬೈಕು ಹತ್ತಿದ. ಬಾಗಿಲು ಅಂದರೆ ಈ ಬಾಗಿಲೇ ಅಂತ ಹೇಗೆ ಗೊತ್ತಾಯಿತು ಅಂದೆ. "ಆ ಆಡು ಆಡಿದ್ದು ಇಲ್ಲೇ ಅಲ್ವಾ" ಅಂದ.

ನಾನು ಹಟದವಳು, ಮನೆಗೆ ಹೋಗಲಿಲ್ಲ. ಮುಖ ತೊಳೆದು ಅವನ ಹಿಂದೆಯೇ ಗುಂಡ್ಲುಪೇಟೆಗೆ ಹೋಗಿ ಗಿಗ್ ಕೇಳಿದೆ. ಒಂದು ಹಾಡೂ ತಲೆಗೆ ಹೋಗಲಿಲ್ಲ. ಎಲ್ಲ ಮುಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಆ ರೆಕಾರ್ಡಿಂಗ್ ಕೇಳಿದೆ. ನನ್ನ ದನಿಯೇ. ಅತ್ತು ಅತ್ತು ಒಡೆದ ದನಿ. ಹೆಲ್ಮೆಟ್ಟಿನ ಬಡಿತ ತಾಳಕ್ಕೆ ಸರಿಯಾಗಿ ಕೂತಿತ್ತು. ಅವರೆಲ್ಲ ಈ ಹಾಡನ್ನು ಅದಕ್ಕೆ ಮೊದಲು ಎಷ್ಟೋ ಸಲ ಕೇಳಿದ್ದರು, ಆಗ ಇದು ಇರಲಿಲ್ಲವಂತೆ. ಡ್ರಮ್ಮು ಬಾರಿಸುವವನ ಲ್ಯಾಪ್‌ಟಾಪಿನಲ್ಲಿದ್ದ ಪ್ರತಿ ತೆಗೆದು ಕೇಳಿದೆವು. ಅದರಲ್ಲೂ ಇತ್ತು. ಮೈಸೂರಿನಲ್ಲಿ ಮಿಕ್ಸಿಂಗ್ ಮಾಡುತ್ತಿದ್ದವನಿಗೆ ಫೋನ್ ಮಾಡಿ ಅವನ ಪ್ರತಿ ಕೇಳಲು ಹೇಳಿದೆವು. ಸ್ವಲ್ಪ ಹೊತ್ತಿಗೆ ಅವನೇ ವಾಪಸ್ ಫೋನ್ ಮಾಡಿ ಇದ್ಯಾರು ಕೂಗುತ್ತಿರುವುದು ಅಂತ ಕೇಳಿದ.

ಗಾಳಿ ಕೆಟ್ಟ ಕೋಣೆಯಲ್ಲಿ ಮಿದುಳಿಗೆ ಏನೇನೋ ಕೇಳಿಸುತ್ತದೆ ಅಂತ ನಮ್ಮ ಲ್ಯಾಬಿನ ಡಾಕ್ಟರು ಹೇಳಿದರು. ಒಪ್ಪುತ್ತೇನೆ. ನನಗೆ ತಂಡದ ಹಾಡು ಕೇಳಿಸಿದ್ದು ಹಾಗೇ ಇರಬಹುದು. ಅವರಿಗೆ ನಾನು ಕೇಳಿಸಿದ್ದು ಹೇಗೆ?

ಇಷ್ಟೇ ಆಗಿದ್ದರೆ ದೇವರು ಕಾಪಾಡಿದ ಅಂತ ಅಮ್ಮ ಹೇಳಿದ್ದಕ್ಕೆ ಹ್ಞೂಂಗುಟ್ಟಿ ಸುಮ್ಮನಾಗುತ್ತಿದ್ದೆ. ನನ್ನ ನಿದ್ದೆ ಕೆಡಿಸಿದ್ದು ಬೇರೆ. ರೆಕಾರ್ಡಿಂಗಿನಲ್ಲಿ ತಟ್ಟುವ ಸದ್ದು ಬರಬರುತ್ತಾ ಸಣ್ಣದಾಗುತ್ತದೆ. ಕೂಗು ಗೊಣಗಾಟವಾಗುತ್ತದೆ. ಆಮೇಲೆ ಎರಡೂ ನಿಲ್ಲುತ್ತವೆ. ಹಾಡು ಇನ್ನೂ ಒಂದು ಚರಣ ಮುಂದಕ್ಕೆ ಹೋಗಿ ಮುಗಿಯುತ್ತದೆ. ಬಾಗಿಲು ತೆರೆದ ಸದ್ದು ಇಲ್ಲ. ಆ ಬಾಗಿಲು ತೆರೆದರೆ ಇಡೀ ಗೋಡೌನಿಗೆ ಕೇಳುವ ಹಾಗೆ ಕಿರುಗುಟ್ಟುತ್ತದೆ. ಅದು ಅಲ್ಲಿ ಇಲ್ಲ. ನನ್ನ ಪಾಲಿಗೆ ಬಾಗಿಲು ತೆರೆಯಿತು. ಆ ಹಾಡಿನೊಳಗಿನವಳಿಗೆ ತೆರೆಯಲಿಲ್ಲ.

ಮಾದೇಶ ಅದನ್ನು ತೆಗೆದುಹಾಕಲು ನೋಡಿದ. ಸದ್ದು ಅವನ ದನಿ ಹಿಡಿದ ಮೈಕಿನಲ್ಲೇ ಸೇರಿಕೊಂಡಿತ್ತು, ಅಳಿಸಿದರೆ ಅವನ ದನಿಯೂ ಹೋಗುತ್ತಿತ್ತು. ಹಾಡನ್ನೇ ಅಳಿಸಿ ಹೊಸದಾಗಿ ಹಾಡುತ್ತೇನೆ ಅಂದ. ಬೇಡ ಅಂದೆ. ಅವನಿಗೆ ಅದು ಕೆಟ್ಟ ರೆಕಾರ್ಡಿಂಗು. ನನಗೆ ಅಲ್ಲಿ ಒಬ್ಬಳು ಕೂತಿದ್ದಾಳೆ, ಅವಳು ನಾನೇ, ಅವಳಿಗೆ ಇರುವ ಜಾಗ ಅದೊಂದೇ. ಅಳಿಸುವುದು ಅಂದರೆ ಏನು? "ಒಳ್ಗಡೆ ಬುಟ್ಟು ಬೀಗ ಆಕ್ದಂಗೆ ಕಣ್ಲಾ ಅದು" ಅಂದೆ.

ಮಾರನೆಯ ವಾರ ಇಬ್ಬರೂ ಮೈಕು ತೆಗೆದುಕೊಂಡು ಗೋಡೌನಿಗೆ ಹೋದೆವು. ಮೈಕನ್ನು ಕೋಣೆಯೊಳಗೆ ಇಟ್ಟು, ಬಾಗಿಲು ಮುಚ್ಚಿ, ಹೊರಗಿನಿಂದ ನಾನೇ ನನ್ನ ಕೈಯಾರೆ ತೆಗೆದೆ. ಗುಬಟು ಅಷ್ಟರಲ್ಲಿ ಹೊಸದು ಬಂದಿತ್ತು. ಚಿಕ್ಕಪ್ಪ ಪಕ್ಕದಲ್ಲಿ ನಿಂತು, "ಬಾಗ್ಲು ಸದ್ದ ಇಡ್ಕಂಡೋಗಿ ಏನ್ಲಾ ಮಾಡೀರಿ" ಅಂತ ಮಾದೇಶನನ್ನು ಕೇಳಿದ. ನಡೆದದ್ದಕ್ಕೆ ಅವನೂ ಬಹಳ ನೊಂದಿದ್ದ, ಅದಕ್ಕೇ ಹೆಚ್ಚು ಕೆದಕಲಿಲ್ಲ. ಆ ಕಿರುಗುಡುವ ಸದ್ದನ್ನು ತಂದು, ತಟ್ಟುವುದು ನಿಲ್ಲುವುದಕ್ಕಿಂತ ಸ್ವಲ್ಪ ಮೊದಲು, ಅವಳಿಗೆ ಇನ್ನೂ ಕೈಯಲ್ಲಿ ಶಕ್ತಿ ಇರುವಾಗಲೇ ಜೋಡಿಸಲು ಹೇಳಿದೆ. ಹುಚ್ಚು ಅನ್ನಿ, ಪರವಾಗಿಲ್ಲ. ಮಾದೇಶ ಹುಚ್ಚು ಅನ್ನಲಿಲ್ಲ, ಜೋಡಿಸಿದ.

ಆಲ್ಬಂ ಹಾಗೇ ಹೊರಗೆ ಬಂತು. ಈಗ ಅವರ ಗಿಗ್‌ಗಳಿಗೆ ಜನ ಬರುತ್ತಾರೆ, ಛತ್ರ ತುಂಬುತ್ತದೆ. ಕೊನೆಯ ಹಾಡಿನ ಆ ಸದ್ದುಗಳು ಬಹಳ ಚೆನ್ನಾಗಿವೆ, ಹೇಗೆ ಮಾಡಿದಿರಿ ಅಂತ ಕೇಳುತ್ತಾರಂತೆ. ತಟ್ಟುವ ತಾಳಕ್ಕೆ ಎಲ್ಲರೂ ಕುರ್ಚಿ ಬಡಿಯುತ್ತಾರೆ. ಆಗ ನಾನು ಎದ್ದು ಹೊರಗೆ ಹೋಗುತ್ತೇನೆ. ಅಷ್ಟು ಜನ ಒಟ್ಟಿಗೆ ಬಡಿಯುವಾಗ ನನಗೆ ಉಸಿರು ಕಟ್ಟುತ್ತದೆ.

ಇದೆಲ್ಲ ಆಗಿ ವರ್ಷಗಳಾದವು. ಆ ಆಲ್ಬಂ ನನ್ನ ಫೋನಿನಲ್ಲಿದೆ, ಉಳಿದ ಹಾಡುಗಳು ಬಾಯಿಪಾಠ. ಕೊನೆಯದನ್ನು ಮಾತ್ರ ಬಾಗಿಲು ತೆರೆಯುವ ತನಕ ಕೇಳಿ ಇಯರ್‌ಫೋನ್ ಕಿತ್ತುಬಿಡುತ್ತೇನೆ. ಬಾಗಿಲಿನ ಸದ್ದು ಬಂದ ಮೇಲೆ ಏನೂ ಇಲ್ಲ ಅಕ್ಕ, ಮೊದಲು ಅಲ್ಲಿ ಉಳಿದಿದ್ದ ಬಡಿತವೂ ತಾನಾಗೇ ಹೋಗಿದೆ, ಬರೀ ಹಾಡು ಅಂತ ಮಾದೇಶ ಎಷ್ಟೋ ಸಲ ಹೇಳಿದ್ದಾನೆ. ಅವನು ಸುಳ್ಳು ಹೇಳುವವನಲ್ಲ. ಆದರೂ ನನಗೆ ಧೈರ್ಯ ಬಂದಿಲ್ಲ. ಬಾಗಿಲು ತೆರೆದ ಮೇಲೂ ಒಳಗಿನಿಂದ ತಟ್ಟುವುದು ನಿಲ್ಲದಿದ್ದರೆ, ಆಮೇಲೆ ನಾನು ಯಾವ ಬಾಗಿಲು ತೆಗೆಯಲಿ?