ಬೆಲ್ಲ ತಿಂದು ಕುಡಿಯದೆ ಬಿಟ್ಟ ನೀರು

ಹಲ್ಲಿನ ಡಾಕ್ಟರ ಕೋಣೆಯ ಲವಂಗದೆಣ್ಣೆ ವಾಸನೆ ಇನ್ನೂ ಮೂಗಿನಲ್ಲಿದೆ. ಕುಂದಾಪುರದಲ್ಲಿ ನನ್ನದೊಂದು ಟೈಲರ್ ಅಂಗಡಿ. ವರ್ಷಗಟ್ಟಲೆ ಊರವರ ಅಳತೆ ತೆಗೆದ ನಾನು, ಕಳೆದ ತಿಂಗಳು ಬಾಯಿ ಅಗಲಿಸಿ ದವಡೆಹಲ್ಲಿನ ತೂತಿನ ಅಳತೆ ಕೊಟ್ಟು ಬಂದೆ.

"ನಾ ಸಿಹಿ ತಿಂಬುದೇ ಇಲ್ಲ ಡಾಕ್ಟ್ರೇ" ಎಂದಿದ್ದೆ. ಗಂಟೆಗೊಂದು ಚಾ ಕುಡಿಯುವುದು ತಿನ್ನುವುದಾಗುತ್ತದೆಯೇ, ನೀವೇ ಹೇಳಿ!

ನನ್ನ ಮಗಳ ವಯಸ್ಸಿನ ಡಾಕ್ಟರು ನಕ್ಕರು. "ಎಷ್ಟ್ ತಿಂತ್ರಿ ಅಂಬುದ್ಕಿಂತ ಎಷ್ಟ್ ಸಲ ಅಂಬುದೇ ಮುಖ್ಯ" ಎಂದರು. ಬಾಯೊಳಗಿನ ಕ್ರಿಮಿಗಳಿಗೆ ಚೂರು ಸಕ್ಕರೆ ಸಿಕ್ಕರೂ ಸಾಕಂತೆ, ತಿಂದು ಹುಳಿ ಬಿಡುತ್ತವೆ. ಆ ಹುಳಿ ಹಲ್ಲನ್ನು ಕರಗಿಸುತ್ತದೆ. ಜೊಲ್ಲು ಅದನ್ನು ತೊಳೆದು ಹಲ್ಲನ್ನು ಸರಿಮಾಡುತ್ತದೆ, ಆದರೆ ಅದಕ್ಕೆ ಹೊತ್ತು ಬೇಕು. ಅಷ್ಟರಲ್ಲಿ ಮತ್ತೆ ಸಿಹಿ ಬಿದ್ದರೆ ಪುನಃ ಮೊದಲಿನಿಂದ. ನೀರು ಕುಡಿಯದೆ ಬಾಯಿ ಒಣಗಿದ್ದರಂತೂ ಜೊಲ್ಲೂ ಇಲ್ಲ.

ಕೇಳುತ್ತಿದ್ದಂತೆ ನಾವುಂದದ ಚಿಕ್ಕಿ ನೆನಪಾದಳು. ಅಮ್ಮನ ತಂಗಿ. ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗುತ್ತಿದ್ದವಳು. ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಸಂಜೆ ಮನೆಗೆ ಬರುವಾಗಲೂ ಚಿಕ್ಕಿಯ ಕೆನ್ನೆಯಲ್ಲಿ ಕೊನೆಯ ಮನೆಯ ಬೆಲ್ಲದ ತುಂಡು ಇರುತ್ತಿತ್ತು. ನಲವತ್ತಕ್ಕೆಲ್ಲ ಎದುರಿನ ಹಲ್ಲು ಹೋದವು. ನಾವು ಅವಳನ್ನು ಬೆಲ್ಲದ ಚಿಕ್ಕಿ ಎಂದೇ ಕರೆಯುತ್ತಿದ್ದೆವು.

ಅಕ್ಕನ ಮದುವೆಯಲ್ಲಿ ಎಲ್ಲರೂ ಫೋಟೋಕ್ಕೆ ನಿಂತಾಗ, "ಇನ್ನೊಂದಚ್ಚ್ ಬೆಲ್ಲ ತಿನ್ನ್ ಚಿಕ್ಕಿ, ಉಳ್ದದ್ದೂ ಹೋಯ್ಲಿ" ಎಂದೆ. ಎಲ್ಲರೂ ನಕ್ಕರು. ಚಿಕ್ಕಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಮೇಲೆ ಅಡುಗೆಯ ಕಡೆ ಹೋದವಳು ಬರಲೇ ಇಲ್ಲ. ಆ ಫೋಟೋದಲ್ಲಿ ಚಿಕ್ಕಿ ಇಲ್ಲ. ನನ್ನ ಜಾಣತನಕ್ಕೆ ಅದೊಂದೇ ಸಾಕ್ಷಿ.

ಹಲ್ಲು ತೋರಿಸಿ ಬಂದ ಮರುದಿನವೇ ನಾವುಂದದ ಬಸ್ಸು ಹತ್ತಿದೆ. ಚಿಕ್ಕಿಗೆ ಈಗ ಒಂದು ಹಲ್ಲೂ ಇಲ್ಲ. ಕೂತದ್ದೇ ತಡ, ಬೆಲ್ಲದ ತಟ್ಟೆ, ನೀರಿನ ಚೊಂಬು ಮುಂದಿಟ್ಟಳು.

"ಅಷ್ಟೂ ಮನ್ಯಗೆ ಬೆಲ್ಲ ತಿಂತಿದ್ಯಾ ಚಿಕ್ಕಿ?"

"ಬ್ಯಾಡ ಅಂದ್ರೆ ಬೇಜಾರ್ ಮಾಡ್ಕಂತ್ರ್ ಮಗಾ. ಪ್ರೀತಿಯಗೆ ಕೊಡುದಲ್ದಾ?"

"ನೀರ್ ಕುಡೂಕಾಗ್ದಿತ್ತಾ?"

ಚಿಕ್ಕಿ ನನ್ನನ್ನು ಏನೂ ತಿಳಿಯದ ಪಾಪದವರನ್ನು ನೋಡುವಂತೆ ನೋಡಿದಳು. "ನೀರ್ ಕುಡ್ದ್ರೆ ದಾರಿಯಗೆ ಎಲ್ಲಿಗ್ ಹೋಪುದ್? ಹೆಂಗ್ಸ್ರಿಗೆ ಮರೆ ಎಲ್ಲಿತ್? ತುಟಿಗೆ ತಾಗ್ಸಿ ಇಟ್ಟ್ ಬತ್ತಿದ್ದೆ."

ನನಗೆ ನಾಚಿಕೆಯಾಯಿತು. ಮೂವತ್ತು ವರ್ಷ ಅದನ್ನು ಆಸೆಬುರುಕತನ ಅಂದುಕೊಂಡಿದ್ದೆನಲ್ಲ! "ಮದಿ ದಿನ ನಾ ಹಾಂಗ್ ಹೇಳಿದ್ದ್ ತಪ್ಪ್ ಚಿಕ್ಕಿ" ಎಂದೆ.

ಯಾರ ಮದುವೆ, ಯಾವ ಮಾತು ಎಂದು ಅವಳು ಕೇಳಲಿಲ್ಲ. ಚೊಂಬನ್ನು ಇನ್ನಷ್ಟು ಹತ್ತಿರ ಸರಿಸಿ, "ಅದೆಲ್ಲ ಈಗ ಎಂತಕೆ? ನೀರ್ ಪೂರಾ ಕುಡಿ. ಈಗ ಮನ್ಯಗೇ ಕಕ್ಕಸ್ ಇತ್, ಹೆದ್ರಬ್ಯಾಡ" ಎಂದು ನಕ್ಕಳು. ಸೆರಗು ತಾನಾಗಿಯೇ ಬಾಯಿಗೆ ಹೋಯಿತು. ನಾನು ಕಣ್ಣೀರು ಕಾಣದ ಹಾಗೆ ಚೊಂಬೆತ್ತಿ ಪೂರಾ ಕುಡಿದೆ.

ಈಗ ನನ್ನ ಚಾ ದಿನಕ್ಕೆ ಎರಡೇ. ಮೀನಿನ ಬುಟ್ಟಿ ಹೊತ್ತವರು ಅಂಗಡಿಯ ನೆರಳಿಗೆ ಬಂದರೆ ನೀರು ಕೊಡುತ್ತೇನೆ. ಜೊತೆಗೆ, ಬೆಲ್ಲದ ಬದಲು, ಅಂಗಡಿ ಹಿಂದಿನ ಕಕ್ಕಸಿನ ಬೀಗದ ಕೈ.