ಬಲಕ್ಕೆ ಬಿದ್ದ ಎಸಳು

ದೇವರು ಕಂಡಂಥ ಅನುಭವಗಳನ್ನು ಯಾರಾದರೂ ಹೇಳತೊಡಗಿದರೆ ಒಂದು ಕಾಲಕ್ಕೆ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಆ ಹೊತ್ತಿಗೆ ನಿಮ್ಮ ಊಟ ಆಗಿತ್ತೇ? ಹಸಿದ ಹೊಟ್ಟೆಯೂ ಊದಿನಕಡ್ಡಿಯ ಹೊಗೆಯೂ ಸೇರಿದರೆ ಯಾವ ದೇವರಾದರೂ ಬಂದೇ ಬರುತ್ತದೆ ಎಂಬುದು ನನ್ನ ಸಿದ್ಧಾಂತವಾಗಿತ್ತು. ಎಪ್ಪತ್ತರ ದಶಕದಲ್ಲಿ ಬೈಲಹೊಂಗಲದ ಹತ್ತಿ ಬಿಡಿಸುವ ಒಂದು ಜಿನ್ನಿನಲ್ಲಿ ಕಾರಕೂನನಾಗಿದ್ದೆ. ಸಂಜೆ ಚಹಾದಂಗಡಿಯಲ್ಲಿ ಈ ಮಾತು ಹೇಳಿ ಗೆಳೆಯರನ್ನು ನಗಿಸುತ್ತಿದ್ದೆ. ಈಗ ಹೇಳುತ್ತಿರುವುದು ನನ್ನ ಕಣ್ಣೆದುರಿಗೇ ನಡೆದದ್ದು. ಅವತ್ತು ನನ್ನ ಊಟ ಆಗಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು.

ಇನ್ನೊಂದು ಮಾತನ್ನೂ ಹೇಳಬೇಕು. ಈ ಸಂಗತಿಯನ್ನು ನಾನು ಹಲವು ಸಲ ಹೇಳಿದ್ದೇನೆ, ಹೇಳಿದಾಗೊಮ್ಮೆ ಅದು ತುಸು ಚೆಂದವಾಗಿದೆ. ಒಮ್ಮೆ, ನನ್ನ ಅಕ್ಕ ಎದ್ದು ನಿಂತಾಗ ಅವಳ ಸೀರೆಯ ಅಂಚು ಒದ್ದೆಯಾಗಿತ್ತು ಎಂದು ಸೇರಿಸಿದೆ. ಕೇಳಿದವರು ಉಸಿರು ಬಿಗಿಹಿಡಿದರು. ಮುಂದಿನ ಸಲ ನಾನೇ ಅದನ್ನು ನಂಬಿದೆ. ಆದ್ದರಿಂದ ಇಲ್ಲಿ ಒದ್ದೆ ಸೀರೆ ಇಲ್ಲ. ಕತ್ತಲ ರಾತ್ರಿಯೂ ಇಲ್ಲ. ನಡೆದದ್ದು ಸುಡುಬಿಸಿಲಿನ ಒಂದು ಮಧ್ಯಾಹ್ನ.

ನನ್ನ ಅಕ್ಕ ನೀಲವ್ವ ಚಿಕ್ಕಂದಿನಿಂದಲೂ ಬೇರೆ ಥರದವಳು. ಓಣಿಯಲ್ಲಿ ಯಾರೋ ಎತ್ತಿಗೆ ಬಾರುಕೋಲಿನಿಂದ ಹೊಡೆದರೆ ಇವಳಿಗೆ ಜ್ವರ ಬರುತ್ತಿತ್ತು. ಮನೆಗೆ ಬಂದವರು ನಗುನಗುತ್ತ ಮಾತಾಡುತ್ತಿದ್ದರೂ ಇವಳು ಅವರ ಮುಖ ನೋಡಿ ಸುಮ್ಮನೆ ಎದ್ದು ಹೋಗುತ್ತಿದ್ದಳು. ಆಮೇಲೆ ಗೊತ್ತಾಗುತ್ತಿತ್ತು, ಅವರ ಮನೆಯಲ್ಲಿ ಏನೋ ಆಗಿದೆ ಎಂದು. ಡಾಕ್ಟರು ರಕ್ತ ಕಡಿಮೆ ಎಂದು ಟಾನಿಕ್ಕು ಬರೆದುಕೊಟ್ಟರು. ಅವ್ವ ಮಾತ್ರ, ಕರುಳಿಗೆ ಕಳ್ಳು ಎನ್ನುವ ನಮ್ಮ ಕಡೆಯ ಮಾತಿನಲ್ಲಿ, ತನ್ನದೇ ಒಂದು ಹೆಸರಿಟ್ಟಿದ್ದಳು: “ಈಕಿ ಕಳ್ಳು ಭಾಳ ತೆಳ್ಳಗ ಅದ. ಮಂದಿದೆಲ್ಲಾ ಒಳಗ ಇಳೀತದ.”

ನೀಲಕ್ಕನನ್ನು ರಾಮದುರ್ಗದ ನೇಕಾರರ ಮನೆಗೆ ಕೊಟ್ಟಿದ್ದೆವು. ಗಂಡ ಮಲ್ಲಪ್ಪ ಒಳ್ಳೆಯವನೇ, ಆದರೆ ತಾಯಿಯ ಎದುರು ಬಾಯಿ ಬಿಡದವನು. ಒಬ್ಬ ಮಗಳು ಹುಟ್ಟಿದಳು. ಒಂದು ದಿನ ಅವರಿಗೆ ನೂಲು ಕೊಡುವ ಸಾಹುಕಾರನ ಹೆಂಡತಿ ಮನೆಗೆ ಬಂದಿದ್ದಾಳೆ. ಚಹಾ ಕೊಡುತ್ತ ಅಕ್ಕ ಆಕೆಯ ಕೈ ಹಿಡಿದು, “ಯಾಕ್ರಿ ಎಷ್ಟು ದಿನಾ ಅಂತ ತಡಕೋತೀರಿ? ಒಮ್ಮೆ ಅತ್ತುಬಿಡ್ರಿ” ಎಂದುಬಿಟ್ಟಿದ್ದಾಳೆ. ಆಕೆ ಅಲ್ಲೇ ಕುಸಿದು ಕೂತು, ನಾಲ್ಕು ಮಗ್ಗದ ಜನರ ಮುಂದೆ, ತನ್ನ ಗಂಡನ ಬಗ್ಗೆ ಯಾರೂ ಹೇಳಬಾರದ್ದನ್ನೆಲ್ಲ ಹೇಳಿಕೊಂಡು ಅತ್ತಳಂತೆ. ಮರುದಿನದಿಂದ ನೂಲು ಬರುವುದು ನಿಂತಿತು. ಆ ವಾರವೇ ಅತ್ತೆ ನೀಲಕ್ಕನನ್ನು ಕರೆತಂದು ನಮ್ಮ ಕಟ್ಟೆಯ ಮೇಲೆ ಕೂಡಿಸಿ ಹೋದಳು. “ಇದನ್ನ ರಿಪೇರಿ ಮಾಡಸ್ರಿ ಬೀಗತಿ. ಆದ್ರ ಕಳಸ್ರಿ, ಆಗದಿದ್ರ ನೀವ ಇಟ್ಟಗೋರಿ. ಕೂಸು ನಮ್ಮ ಹಂತೇಕ ಇರತದ.”

ಮೂರು ವರ್ಷದ ಮಗಳು ಅಲ್ಲಿ, ತಾಯಿ ಇಲ್ಲಿ. ಅಕ್ಕ ಉಣ್ಣುವುದನ್ನು ಬಹುಮಟ್ಟಿಗೆ ಬಿಟ್ಟಳು. ಸಂಜೆಯಾದರೆ “ಈಗ ಕೂಸಿಗಿ ಹಸವಾಗೇತಿ” ಎಂದು ಹೇಳಿ ಗೋಡೆಗೆ ಮುಖ ಮಾಡುತ್ತಿದ್ದಳು.

ಅವ್ವನಿಗೆ ತಾಯವ್ವನ ಸುದ್ದಿ ಕೊಟ್ಟವರು ನೇಸರಗಿಯ ಕಡೆಯ ಯಾರೋ ಹೆಂಗಸರು. ಮುನವಳ್ಳಿಯ ಆಚೆಗೆ, ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಒಂದು ಹಳ್ಳಿಯ ಜನರಿಗೆ ಸರಕಾರ ದಿಬ್ಬದ ಮೇಲೆ ಹೊಸ ಊರು ಕಟ್ಟಿಕೊಟ್ಟಿತ್ತು. ಸಾಲು ಸಾಲು ತಗಡಿನ ಮನೆಗಳು. ಆ ಊರಿನ ದೇವತೆ ಹೊಳೆಯವ್ವನ ಪೂಜಾರಿಕೆ ತಾಯವ್ವನದು. ಮಂಗಳವಾರ ಆಕೆ ದೇವಿಯ ಅಪ್ಪಣೆ ಕೇಳಿ ಹೇಳುತ್ತಾಳೆ, ಹೇಳಿದ್ದು ಸುಳ್ಳಾಗುವುದಿಲ್ಲ ಎಂದು ಹೆಸರು.

ಅಪ್ಪಣೆ ಕೇಳುವ ರೀತಿ ನಮ್ಮ ಕಡೆಯವರಿಗೆಲ್ಲ ಗೊತ್ತು. ದೇವಿಯ ಹಿತ್ತಾಳೆ ಮುಖದ ಎಡ ಬಲ ಎರಡೂ ಕಡೆಗೆ ಹೂವಿನ ಎಸಳನ್ನು ನೀರಿನಲ್ಲಿ ಅದ್ದಿ ಅಂಟಿಸುತ್ತಾರೆ. ಪ್ರಶ್ನೆ ಕೇಳಿ ಕಾಯುತ್ತಾರೆ. ಬಲದ ಎಸಳು ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡದ್ದು ಬಿದ್ದರೆ ಬೇಡ ಎಂದು. ನಾನು ಬಸ್ಸಿನಲ್ಲಿ ಅವ್ವನಿಗೆ, ನೀರು ಆರಿದ ಕೂಡಲೇ ಎಸಳು ಬೀಳಲೇಬೇಕು, ಬಿಸಿಲಿದ್ದರೆ ದೇವರು ಬೇಗ ಉತ್ತರ ಕೊಡುತ್ತಾನೆ, ಮಳೆಗಾಲದಲ್ಲಿ ತಡ ಮಾಡುತ್ತಾನೆ ಎಂದು ವಿವರಿಸಿದೆ.

“ನೀ ಸುಮ್ನ ಕುಂದ್ರು ಶಾಣ್ಯಾ,” ಎಂದಳು ಅವ್ವ. “ನಿನ್ನ ಹಡಿಯೂ ಮುಂದೂ ಎಸಳ ಕೇಳಿದ್ದೆ. ಆವತ್ತ ಬಿಸಲ ಜಾಸ್ತಿ ಆಗಿ ಬಲಕ್ಕ ಬಿತ್ತು ಕಾಣತದ.”

ಎದುರು ಸೀಟಿನವರು ಗೊಳ್ಳೆಂದು ನಕ್ಕರು. ಅಕ್ಕನೂ ನಕ್ಕಳು. ಅವಳು ನಕ್ಕದ್ದನ್ನು ನೋಡಿ ತಿಂಗಳುಗಳಾಗಿದ್ದವು, ಅದಕ್ಕೇ ಆ ಬಸ್ಸಿನ ನಗು ನನಗೆ ನೆನಪಿದೆ.

ತಾಯವ್ವನ ಮನೆಯ ಮುಂದೆ ಹೆಂಗಸರ ಗುಂಪಿತ್ತು. ದೇವಿಯ ಕೋಣೆಗೆ ಗಂಡಸರು ಹೋಗುವಂತಿಲ್ಲ. ನಾನು ಹೊಸ್ತಿಲಿನ ಹೊರಗೆ, ಬಾಗಿಲ ಚೌಕಟ್ಟಿಗೆ ಒರಗಿ ನಿಂತೆ. ಒಳಗೆ ಹಿತ್ತಾಳೆ ಮುಖ, ಅದರ ಮುಂದೆ ಒಂದು ತಟ್ಟೆ, ತಾಯವ್ವ. ಐವತ್ತರ ಆಚೆಯ, ಬಿಗಿಯಾದ ಮೈಯ ಹೆಂಗಸು. ದೆವ್ವ ಬಂದವರಂತೆ ತೂಗಾಡುತ್ತಾಳೆ ಎಂದುಕೊಂಡಿದ್ದೆ, ಹಾಗೇನೂ ಇಲ್ಲ. ಅಡುಗೆ ಬಡಿಸುವವಳ ಚುರುಕಿನಿಂದ ಎಸಳು ಅಂಟಿಸುತ್ತಿದ್ದಳು, ಕೇಳುತ್ತಿದ್ದಳು, ಹೇಳುತ್ತಿದ್ದಳು. ತಗಡಿನ ಕೆಳಗೆ ಒಲೆಯಂಥ ಶೆಕೆ. ನನ್ನ ಸಿದ್ಧಾಂತದ ಪ್ರಕಾರವೇ ಎಸಳುಗಳು ಪಟಪಟ ಬೀಳುತ್ತಿದ್ದವು.

ನಮ್ಮ ಸರದಿ ಬಂತು. ಅವ್ವ ಕೇಳಿದಳು: “ನನ್ನ ಮಗಳು ಗಂಡನ ಮನಿಗಿ ಹೋಗಿ ಮಗಳ ಕೂಡ ಬಾಳೇ ಮಾಡತಾಳೇನ್ರಿ ಯವ್ವಾ?”

ಎಸಳು ಬೀಳಲಿಲ್ಲ. ಎಡದ್ದೂ ಇಲ್ಲ, ಬಲದ್ದೂ ಇಲ್ಲ. ತಾಯವ್ವ ಮತ್ತೆ ಕೇಳಿದಳು. ಹಿಂದೆ ಕೂತವರು ಪಿಸುಗುಡತೊಡಗಿದರು. ಎಷ್ಟು ಹೊತ್ತು ಹಾಗಿತ್ತೋ ಹೇಳಲಾರೆ. ನನ್ನ ಬೆನ್ನಿನ ಬೆವರು ಆರಿತ್ತು, ಅದು ಗೊತ್ತು. ಆಗ ಅಕ್ಕ, ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಹೇಳುವ ದನಿಯಲ್ಲಿ ಹೇಳಿದಳು:

“ಆಕಿ ಇಲ್ಲಿ ಇಲ್ರಿ.”

“ಯಾರ?” ಎಂದಳು ತಾಯವ್ವ.

“ನಿಮ್ಮ ಹೊಳೆವ್ವ. ಅಲ್ಲೇ ಕುಂತಾಳ, ನೀರಾಗ. ನಾ ಬರಂಗಿಲ್ಲ ಅಂದಿದ್ಲಲ್ರಿ ನಿಮಗ? ಊರ ಬಿಡೂ ದಿನಾ ಎಡದ್ದು ಸಡಲಿತ್ತು. ನೀವು ಬಲದ ಎಸಳ ಬೆರಳಿಂದ ದೂಡಿದ್ರಿ.”

ತಾಯವ್ವ ಹಿಂದಿರುಗಿ ನೋಡದೆಯೇ, “ಎಲ್ಲಾರೂ ಹೊರಗ ಹೋಗ್ರಿ” ಎಂದಳು. ಹೆಂಗಸರು ಎದ್ದರು. ಅವ್ವನೂ ಎದ್ದು, ಗಾಬರಿಯಿಂದ ನನ್ನನ್ನು ದಾಟಿ ಅಂಗಳಕ್ಕೆ ಇಳಿದಳು. ನಾನು ಮೊದಲೇ ಹೊರಗಿದ್ದವನು, ಆ ಆಜ್ಞೆ ನನಗೆ ಅನ್ವಯಿಸಲಿಲ್ಲ. ಇದ್ದಲ್ಲೇ ಇದ್ದೆ.

ತಾಯವ್ವ ಅಕ್ಕನ ಹತ್ತಿರ ಸರಿದು ಕೂತಳು. ಸಿಟ್ಟಾಗುತ್ತಾಳೆ, ಹೊಡೆದರೂ ಹೊಡೆದಾಳು ಎಂದು ನಾನು ಹೊಸ್ತಿಲ ಮೇಲೆ ಒಂದು ಕಾಲಿಟ್ಟೆ. ಆಕೆ ಕೇಳಿದ್ದು ಬೇರೆ. ಅಷ್ಟು ದೊಡ್ಡ ಹೆಂಗಸು, ಹುಡುಗಿಯ ದನಿಯಲ್ಲಿ, “ನನ್ನ ಮ್ಯಾಲ ಸಿಟ್ಟ ಆಗ್ಯಾಳೇನ?” ಎಂದಳು.

“ಸಿಟ್ಟಿಲ್ಲ,” ಎಂದಳು ಅಕ್ಕ. “ಭಾಳ ಕತ್ತಲಿ ಐತಿ ಅಂತಾಳ.”

ನಾನು ಈ ಮಾತನ್ನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದೇನೆ. ಇದನ್ನು ನಾನು ಸೇರಿಸಿಲ್ಲ. ಇಂಥ ಮಾತನ್ನು ಕಟ್ಟುವ ಶಕ್ತಿ ನನಗಿದ್ದಿದ್ದರೆ ಜಿನ್ನಿನಲ್ಲಿ ಹತ್ತಿಯ ತೂಕ ಬರೆಯುತ್ತಿರಲಿಲ್ಲ.

ತಾಯವ್ವ ಅಳಲಿಲ್ಲ. ಅಕ್ಕನ ಮುಂಗೈಯನ್ನು ಗಟ್ಟಿಯಾಗಿ ಹಿಡಿದು, ತೀರ ಸಣ್ಣ ದನಿಯಲ್ಲಿ ಹೇಳಿದಳು: “ನೀರು ಊರ ಬಾಗಲಿಗಿ ಬಂದಿತ್ತವ್ವ. ಲಾರಿ ನಿಂತಿದ್ವು. ದೇವರು ಏಳೂತನಕಾ ಮಂದಿ ಏಳಂಗಿಲ್ಲ ಅಂತ ಕುಂತಿದ್ರು. ನಾ ಏನ ಮಾಡಬೇಕಿತ್ತು?” ಆಮೇಲೆ, “ನೋಡ ಮಗಳ, ಕಂಡದ್ದನ್ನ ಒಳಗ ಇಟಗೋ. ಇನ್ನ ಮುಂದ ಯಾರ ಮುಂದೂ ಬಾಯಿಗಿ ತರಬ್ಯಾಡ. ತಂದ್ರ ಯಾರ ಮನ್ಯಾಗೂ ನಿನಗ ಜಾಗಾ ಸಿಗಂಗಿಲ್ಲ. ನಿನ್ನ ಕೂಸಿನ ಮ್ಯಾಲ ಆಣಿ ಮಾಡು.”

ಅಕ್ಕ ಆಣೆ ಮಾಡಿದಳು.

ಅಷ್ಟರಲ್ಲಿ ಅವ್ವ ತಡೆಯಲಾರದೆ ಬಾಗಿಲಿಗೆ ಬಂದಿದ್ದಳು. “ಯವ್ವಾ, ಬಲಕ್ಕ ಬಿತ್ತಲ್ಲ!” ಎಂದು ಕೂಗಿದಳು. ನೋಡಿದರೆ ಬಲದ ಎಸಳು ತಟ್ಟೆಯಲ್ಲಿತ್ತು. ಬಿದ್ದದ್ದನ್ನು ನಾನು ನೋಡಲಿಲ್ಲ. ತಾಯವ್ವನ ಒಂದು ಕೈ ಅಕ್ಕನ ಮುಂಗೈ ಮೇಲಿತ್ತು. ಇನ್ನೊಂದು ಕೈ ಎಲ್ಲಿತ್ತು ಎಂದು ಎಷ್ಟೋ ಸಲ ಕಣ್ಣು ಮುಚ್ಚಿ ನೆನೆಸಿಕೊಂಡಿದ್ದೇನೆ. ಒಮ್ಮೆ ಅದು ಮಡಿಲಲ್ಲಿ ಇರುತ್ತದೆ, ಒಮ್ಮೆ ತಟ್ಟೆಯ ಹತ್ತಿರ.

ಪಂಚಮಿ ಹಬ್ಬ ಮುಗಿಸಿ ನೀಲಕ್ಕ ರಾಮದುರ್ಗಕ್ಕೆ ಹೋದಳು. ಬಿಟ್ಟು ಬರಲು ನಾನೇ ಹೋಗಿದ್ದೆ. ಮಗಳು ಮೊದಲು ಗುರುತು ಹಿಡಿಯದೆ ಮಗ್ಗದ ಹಿಂದೆ ಅಡಗಿದಳು, ಆಮೇಲೆ ಬಂದು ತಾಯಿಯ ಕೊರಳಿಗೆ ಬಿದ್ದವಳು ಮಲಗುವವರೆಗೂ ಬಿಡಲಿಲ್ಲ. ಅತ್ತೆ ಕೆಲವು ತಿಂಗಳು ಕಾದು ನೋಡಿದಳು. ಆಮೇಲೆ ಸಿಕ್ಕವರ ಮುಂದೆಲ್ಲ, “ಈಗ ಭಾಳ ಶಾಣ್ಯಾ ಆಗ್ಯಾಳ್ರಿ, ಏನ ಕೇಳಿದ್ರೂ ಏನಿಲ್ಲ ಅಂತಾಳ” ಎಂದು ಹೊಗಳತೊಡಗಿದಳು. ಅಕ್ಕನಿಗೆ ಮತ್ತೆ ಇಬ್ಬರು ಮಕ್ಕಳಾದರು. ಅವ್ವ ಕೇಳಿದ್ದ ಬಾಳುವೆ ಆಯಿತು.

ನಾನು ಸುಮ್ಮನೆ ಕೂಡಲಿಲ್ಲ. ಮುಂದೆ ಒಮ್ಮೆ ಸವದತ್ತಿಯ ಸಂತೆಯಲ್ಲಿ ಆ ಹಳ್ಳಿಯ ಹಿರಿಯರೊಬ್ಬರು ಸಿಕ್ಕಾಗ, ಹಳೆಯ ಊರು ಬಿಡುವಾಗ ದೇವಿಯ ಅಪ್ಪಣೆ ಹೇಗಾಯಿತು ಎಂದು ಕೇಳಿದೆ. “ಬಲಕ್ಕ ಬಿತ್ತ್ರಿ. ಊರೆಲ್ಲಾ ನೋಡೇತಿ,” ಎಂದರು. ಎಸಳು ಅಂಟಿಸಿದವರು ಯಾರು ಎಂದೆ. “ತಾಯವ್ವ. ಮತ್ಯಾರ ಹಚ್ಚತಾರ್ರಿ?” ಎಂದು ನನ್ನನ್ನೇ ಹುಚ್ಚನಂತೆ ನೋಡಿದರು. ಹಾಗಾದರೆ ಊರಿಗೆ ಊರೇ ನೋಡಿಯೂ ಕಾಣದ್ದನ್ನು, ಆ ಊರನ್ನೇ ನೋಡಿರದ ನನ್ನ ಅಕ್ಕ ಹೇಗೆ ಹೇಳಿದಳು? ತಾಯವ್ವನ ಮುಖದ ಯಾವುದೋ ನೆರಿಗೆಯಲ್ಲಿ ಓದಿರಬಹುದು. ತಪ್ಪು ಮಾಡಿದವರ ಬೆರಳುಗಳಿಗೆ ತಮ್ಮದೇ ಒಂದು ಅಂಜಿಕೆ ಇರುತ್ತದೆ, ಅದನ್ನು ಕಂಡಿರಬಹುದು. ಈ ವಿವರಣೆಯನ್ನು ನಾನು ಬಹಳ ಸಲ ಹೇಳಿಕೊಂಡಿದ್ದೇನೆ. ಕತ್ತಲಿನ ಮಾತಿಗೆ ಬಂದಾಗ ಅದು ನಿಲ್ಲುವುದಿಲ್ಲ.

ಅವ್ವ ಸಾಯುವವರೆಗೂ ಹೇಳಿದ್ದು ಒಂದೇ: ತಾಯವ್ವ ಮಗಳ ಮೈಮೇಲಿನದನ್ನು ತೆಗೆದಳು. ಅಕ್ಕನನ್ನು ಕೇಳಿದರೆ, “ನಾ ಏನೂ ಅಂದೇ ಇಲ್ಲೋ ತಮ್ಮಾ. ನಿನಗ ಬಿಸಲ ಹತ್ತಿತ್ತು” ಎನ್ನುತ್ತಾಳೆ. ಹೀಗಾಗಿ ಆ ಕತ್ತಲಿನ ಮಾತನ್ನು, ತಾಯವ್ವನನ್ನು ಬಿಟ್ಟರೆ, ಕೇಳಿದವನು ಲೋಕದಲ್ಲಿ ನಾನೊಬ್ಬನೇ. ಒಬ್ಬನೇ ಸಾಕ್ಷಿ, ಅವನ ಮೇಲೂ ನನಗೆ ಪೂರ್ತಿ ಭರವಸೆಯಿಲ್ಲ.

ಕಳ್ಳು ತೆಳ್ಳಗಿದ್ದವರಿಗೆ ತಾಯವ್ವನಂಥ ಅಪ್ಪಣೆ ಹೇಳುವವರಿಂದ ಒಳ್ಳೆಯದಾಗುತ್ತದೆಯೇ ಎಂದು ಯಾರಾದರೂ ಕೇಳಿದರೆ ನಾನೇ ತಿರುಗಿ ಕೇಳುತ್ತೇನೆ: ತಾಯವ್ವ ಅಕ್ಕನ ಬಾಯಿ ಮುಚ್ಚಿಸಿದ್ದು ಯಾರ ಸಲುವಾಗಿ? ತನ್ನ ಮರ್ಯಾದೆ ಉಳಿಸಿಕೊಳ್ಳಲೆಂದೇ ಹೇಳಿದ್ದರೂ ಆ ಮಾತು ಅಕ್ಕನಿಗೆ ಮಗಳನ್ನು ಕೊಟ್ಟಿತು. ಆದರೆ ಅಕ್ಕನಿಗೆ ಕಾಣುವುದು ನಿಂತಿತೇ? ನಿಂತಿದೆ ಎಂದೇ ನಾನು ಬಹುಕಾಲ ತಿಳಿದಿದ್ದೆ.

ಹೋದ ತಿಂಗಳು ರಾಮದುರ್ಗಕ್ಕೆ ಹೋಗಿದ್ದೆ. ಅಕ್ಕನಿಗೆ ಈಗ ಮಂಡಿನೋವು, ಮೊಮ್ಮಕ್ಕಳ ಸೈನ್ಯ. ಬಾಗಿಲು ತೆಗೆದು ನನ್ನನ್ನು ನೋಡಿ ನಕ್ಕಳು. ಆ ನಗು ತುಟಿಯ ಮೇಲೆ ಹಾಗೇ ಉಳಿಯಿತು, ಕಣ್ಣು ಮಾತ್ರ ನನ್ನ ಎದೆಯ ಹತ್ತಿರ ಎಲ್ಲೋ ಇಳಿದು ನಿಂತಿತು. “ಯಾಕಕ್ಕಾ?” ಎಂದೆ. “ಏನಿಲ್ಲ. ಕೈಕಾಲ ತೊಳಕೋ, ಉಣ್ಣಾಕ ಹಾಕತೇನಿ” ಎಂದಳು. ಬೇಡವೆಂದರೂ ಹೋಳಿಗೆ ಮಾಡಿಸಿದಳು. ತಟ್ಟೆಯ ಮುಂದೆ ಕೂತು, ಚಿಕ್ಕ ಮಕ್ಕಳು ಉಣ್ಣುವುದನ್ನು ನೋಡುವಂತೆ ನಾನು ಉಣ್ಣುವುದನ್ನು ನೋಡಿದಳು. ಎರಡು ಸಲ ಕೇಳಿದೆ, ಎರಡು ಸಲವೂ ತುಪ್ಪ ಬಡಿಸಿದಳು.

ಮಂಡಿನೋವಿನವಳು, ಎಂದೂ ಓಣಿ ದಾಟಿ ಕಳಿಸಲು ಬರದವಳು, ಅವತ್ತು ಮೊಮ್ಮಗಳ ಹೆಗಲು ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ನಡೆದು ಬಂದಳು. ಬಸ್ಸು ಹೊರಡುವಾಗ ಕಿಟಕಿಯಿಂದ ಬಗ್ಗಿ, “ಈಗರೆ ಹೇಳ ಯಕ್ಕಾ, ಏನ ಕಂಡಿ?” ಎಂದೆ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದು, ಇಲ್ಲ ಎಂಬಂತೆ ತಲೆಯಾಡಿಸಿದಳು. ಬಸ್ಸು ತಿರುವು ದಾಟುವವರೆಗೂ ಹಾಗೇ ತಲೆಯಾಡಿಸುತ್ತ ನಿಂತಿದ್ದಳು.