ಮೈದುನ ಮರ್ಲ್ ಮತ್ತು ಗ್ಯಾರೇಜಿನ ತೋಟಾ ಪ್ರೆಸ್

ಮರ್ಲ್‌ನನ್ನು ಮಣ್ಣು ಮಾಡಿದ ದಿನ ಊರಿನವರೆಲ್ಲ ಅವನನ್ನು ಹೊಗಳಿದರು. ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುತ್ತ, ಇಂಥ ಮನುಷ್ಯ ಇನ್ನೊಬ್ಬ ಹುಟ್ಟುವುದಿಲ್ಲ ಎಂದರು. ಹುಟ್ಟದಿದ್ದರೆ ಒಳ್ಳೆಯದೇ ಎಂದುಕೊಂಡು ನಾನು ಕಾಫಿ ಕುಡಿದೆ. ಅವನು ನನ್ನ ಗಂಡ ರಾಯ್ಡನ್‌ನ ತಮ್ಮ. ಅವನನ್ನು ಕಂಡರೆ ನನಗಾಗುತ್ತಿರಲಿಲ್ಲ, ನನ್ನನ್ನು ಕಂಡರೆ ಅವನಿಗಾಗುತ್ತಿರಲಿಲ್ಲ. ಆದ್ದರಿಂದ ಅವನ ವಿಷಯ ನನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಮರ್ಲ್ ಬದುಕಿಡೀ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ. ಬೀಟ್‌ಗೆಡ್ಡೆ ಬರುವ ಕಾಲದಲ್ಲಿ ಬಾಯ್ಲರ್ ಪಕ್ಕ ನಿಂತು ಬೇಯುತ್ತಿದ್ದ, ಮಿಕ್ಕ ಕಾಲದಲ್ಲಿ ಅದೇ ಯಂತ್ರಗಳನ್ನು ಬಿಚ್ಚಿ ತೊಳೆಯುತ್ತಿದ್ದ. ಅವನ ಜೊತೆ ಒಂದು ಹಂಗಾಮು ಕೆಲಸ ಮಾಡಿದವನು ಮುಂದಿನ ಹಂಗಾಮಿಗೆ ಬೇರೆ ಪಾಳಿ ಕೇಳುತ್ತಿದ್ದ. ಷೈಯೆನ್ ಪಟ್ಟಣದ ತಂಗಿಯ ಮನೆಗೆಂದು ಹೋದ ಹೆಂಡತಿ ತಿರುಗಿ ಬರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, ಅವಳು ಪಾತ್ರೆಗಳನ್ನು ತಪ್ಪಾಗಿ ಜೋಡಿಸುತ್ತಿದ್ದಳು ಎನ್ನುತ್ತಿದ್ದ. ಅದು ತಮಾಷೆಯಲ್ಲ. ಇನ್ನೊಬ್ಬರು ಕೆಲಸ ಕೆಡಿಸುವುದನ್ನು ನೋಡಿಕೊಂಡು ಸುಮ್ಮನಿರಲು ಅವನಿಗೆ ಆಗುತ್ತಿರಲಿಲ್ಲ, ಬೆವರುತ್ತಿದ್ದ.

ಒಂದು ಕೆಲಸ ಅವನಿಗೆ ಚೆನ್ನಾಗಿ ಬರುತ್ತಿತ್ತು. ಹಾರಿಸಿದ ಹಿತ್ತಾಳೆ ಚಿಪ್ಪುಗಳಿಗೆ ಕಿಡಿ ಹೊತ್ತಿಸುವ ಹೊಸ ಕೇಪು, ಮದ್ದು, ಗುಂಡು ತುಂಬಿ ಮತ್ತೆ ತೋಟಾ ಮಾಡುವ ಕೆಲಸ. ನಮ್ಮ ಕಡೆ ಗುರಿ ಹೊಡೆಯುವವರೆಲ್ಲ ಹಾಗೇ ಮಾಡಿಕೊಳ್ಳುತ್ತಾರೆ. ಅದಕ್ಕೆ ಬೇಕಾದ ಪ್ರೆಸ್ಸನ್ನು ಅಣ್ಣತಮ್ಮಂದಿರು ಅರ್ಧರ್ಧ ದುಡ್ಡು ಹಾಕಿ ಕೊಂಡು, ನಮ್ಮ ಗ್ಯಾರೇಜಿನ ಬೆಂಚಿಗೆ ಬೋಲ್ಟು ಬಿಗಿದು ಕೂರಿಸಿದ್ದರು. ರಾಯ್ಡನ್ ತೀರಿಕೊಂಡ ಮೇಲೆ ಅವನ ಅರ್ಧ ನನಗೆ ಬಂತು. ನನ್ನ ಪಾಲನ್ನು ನಾನು ಬಿಡಲಿಲ್ಲ, ಅವನ ಪಾಲನ್ನು ಅವನೂ ಬಿಡಲಿಲ್ಲ. ಬಿಟ್ಟವರು ಸೋತಂತೆ ಎಂದು ಇಬ್ಬರಿಗೂ ಗೊತ್ತಿತ್ತು. ಹೀಗಾಗಿ ಶುಕ್ರವಾರ ಬಂತೆಂದರೆ ಮರ್ಲ್ ಬಾಗಿಲು ತಟ್ಟದೆ ಗ್ಯಾರೇಜಿಗೆ ನುಗ್ಗಿ ಪ್ರೆಸ್ಸಿನ ಹಿಡಿ ಎಳೆಯಲು ನಿಲ್ಲುತ್ತಿದ್ದ. ನನ್ನ ಅರ್ಧವನ್ನು ಅವನೊಬ್ಬನ ಕೈಗೆ ಬಿಡಬಾರದೆಂದು ನಾನು ಸ್ಟೂಲಿನ ಮೇಲೆ ಕೂತು ಅಳತೆ ನೋಡಿ ಚಿಪ್ಪು ಆರಿಸುತ್ತಿದ್ದೆ. ನಮಸ್ಕಾರ ಗಿಮಸ್ಕಾರ ಏನೂ ಇರಲಿಲ್ಲ.

ಪ್ರೆಸ್ಸಿನ ನೆತ್ತಿಯ ಮೇಲೊಂದು ಬೋಗುಣಿ. ಅದಕ್ಕೆ ಚಿಪ್ಪು ಸುರಿದರೆ ಒಳಗಿನ ಚಕ್ರ ತಿರುಗುತ್ತ ಒಂದೊಂದನ್ನೇ ನೆಟ್ಟಗೆ ನಿಲ್ಲಿಸಿ ಕೊಳವೆಯಲ್ಲಿ ಕೆಳಗೆ ಬಿಡುತ್ತದೆ. ಹಿಡಿ ಎಳೆದಾಗಲೆಲ್ಲ ಒಂದು ಚಿಪ್ಪು ಕೆಳಗಿನ ತಟ್ಟೆಯೊಳಗೆ ಸರಿಯುತ್ತದೆ. ತಟ್ಟೆಯನ್ನು ಬೆರಳಲ್ಲಿ ಒಂದು ಮನೆ ಮುಂದಕ್ಕೆ ತಿರುಗಿಸಬೇಕು. ಒಂದು ಮನೆಯಲ್ಲಿ ಕೇಪು, ಇನ್ನೊಂದರಲ್ಲಿ ಮದ್ದು, ಮುಂದಿನದರಲ್ಲಿ ಗುಂಡು. ಹಿಡಿ ಪೂರ್ತಿ ಕೆಳಗೆ ಬಂದರೆ ಮಾತ್ರ ಮದ್ದು ಬೀಳುತ್ತದೆ. ಆದ್ದರಿಂದ ಚಿಪ್ಪು ಸಿಕ್ಕಿಕೊಂಡು ಹಿಡಿ ನಡುವೆ ನಿಂತರೆ ತಟ್ಟೆಯ ಮೇಲಿರುವುದನ್ನೆಲ್ಲ ತೆಗೆದು ಮೊದಲಿನಿಂದ ಶುರು ಮಾಡಬೇಕು. ಇದನ್ನು ಗುರಿ ಹೊಡೆಯುವವರ ಕ್ಲಬ್ಬಿನ ಹೊಸಬರಿಗೆ ಕಿವಿ ತೂತಾಗುವಂತೆ ಕೂಗಿ ಕಲಿಸಿದವನು ಮರ್ಲ್.

ನಾನು ಹೇಳುವ ಶುಕ್ರವಾರದ ಮರುದಿನ ನನ್ನ ಮಗಳು ಡಾರ್ಲಾ ರಾಜ್ಯದ ಪಂದ್ಯದಲ್ಲಿ ಹೊಡೆಯುವವಳಿದ್ದಳು. ಅವಳ ಕೈಲಿದ್ದದ್ದು ಅಪ್ಪನ ಹಳೇ ಪಿಸ್ತೂಲು. ಹುಡುಗಿಯಾಗಿದ್ದಾಗಿನಿಂದ ಅವಳು ಹೊಡೆದದ್ದು ಚಿಕ್ಕಪ್ಪ ತುಂಬಿದ ತೋಟಾ ಮಾತ್ರ. ಸಂಜೆ ಬಂದು ಒಯ್ಯುತ್ತೇನೆ ಎಂದಿದ್ದಳು.

ಆ ಶುಕ್ರವಾರ ಬೆಳಿಗ್ಗೆ, ತಯಾರಾದ ತೋಟಾ ಡಬ್ಬಿಯ ತಳ ತುಂಬುವಷ್ಟರಲ್ಲೇ ಹಿಡಿ ನಿಂತಿತು. ಮರ್ಲ್ ಬೋಗುಣಿಯ ಮೋಟಾರನ್ನು ಬೈದು, ಅದರ ತಿರುಪು ಬಿಗಿದ. ಮತ್ತೆ ನಿಂತಿತು. ಕೊಳವೆ ಸೊಟ್ಟಗಾಗಿದೆ ಎಂದು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ. ನೆಟ್ಟಗಿತ್ತು. ಚಿಪ್ಪು ಸರಿಯುವ ಹಾದಿಯಲ್ಲಿ ಜಿಡ್ಡಿರಬೇಕು ಎಂದೆ ನಾನು. ಅವನು ಬಟ್ಟೆಯಲ್ಲಿ ಒರೆಸಿದ. ಜಿಡ್ಡಿರಲಿಲ್ಲ. ಮತ್ತೆ ನಿಂತಾಗ ಅವನು ಹಿಡಿಯನ್ನು ಅರ್ಧ ಮೇಲೆ, ಅರ್ಧ ಕೆಳಗೆ ಜಗ್ಗಾಡಿಸಿ, ತಟ್ಟೆಯನ್ನು ಬೆರಳಲ್ಲಿ ಮುಂದಕ್ಕೆ ತಳ್ಳಿ ಕೆಲಸ ಸಾಗಿಸಿದ. ನಾನು ಅವನ ಬೆರಳನ್ನೇ ನೋಡುತ್ತಿದ್ದೆ.

"ತಟ್ಟೆ ಖಾಲಿ ಮಾಡಲ್ವಾ?" ಎಂದೆ.

ಅವನ ಕೈ ತಟ್ಟೆಯ ಕಡೆಗೇ ಹೊರಟಿತ್ತು. ನನ್ನ ಮಾತು ಕೇಳಿ ಅಲ್ಲೇ ನಿಂತಿತು.

"ನಿನ್ನ ಕೆಲಸ ಚಿಪ್ಪು ಆರಿಸೋದು, ಲಿಯೋಟಾ. ಅದೂ ನೆಟ್ಟಗೆ ಮಾಡಿಲ್ಲ, ಅದಕ್ಕೇ ಸಿಕ್ಕೊಳ್ತಿರೋದು."

ಕೊಳವೆಯ ಬಾಯಲ್ಲಿ ಸಿಕ್ಕಿದ್ದ ಚಿಪ್ಪನ್ನು ಇಕ್ಕಳದಿಂದ ಕಿತ್ತು ನನ್ನ ಮಡಿಲಿಗೆ ಎಸೆದ. ಅದು ಒಂದು ಚಿಪ್ಪಲ್ಲ, ಎರಡು. ದೊಡ್ಡದರೊಳಗೆ ಸಣ್ಣ ಅಳತೆಯದೊಂದು ಲೋಟದೊಳಗೆ ಲೋಟ ಕೂತಂತೆ ಕೂತು, ಉಗುರಿನಷ್ಟು ಮೇಲಕ್ಕೆ ಎದ್ದಿತ್ತು. ಅದಕ್ಕೇ ಹಾದಿಯಲ್ಲಿ ತಲೆ ತಾಗಿ ನಿಲ್ಲುತ್ತಿತ್ತು. ನಾನು ಆರಿಸಿದ್ದರಲ್ಲಿ ಸಣ್ಣದು ಇರಲೇ ಇಲ್ಲ. ಆದರೆ ಅದನ್ನು ತೊಳೆಯುವ ಡ್ರಮ್ಮಿಗೆ ಹಾಕುವಾಗ ಮರ್ಲ್ ಕ್ಲಬ್ಬಿನ ನೆಲದಿಂದ ಗುಡಿಸಿ ತಂದ ಚಿಪ್ಪುಗಳನ್ನೂ ಅದರ ಜೊತೆ ಸುರಿದಿದ್ದ. ಡ್ರಮ್ಮು ಉರುಳುವಾಗ ಒಂದರೊಳಗೊಂದು ಹೊಕ್ಕಿದ್ದವು. ಹಾಗಂದೆ. ತಾನು ಸುರಿದದ್ದರಲ್ಲಿ ಸಣ್ಣದು ಇರಲು ಸಾಧ್ಯವೇ ಇಲ್ಲ ಎಂದ ಅವನು. ಮಧ್ಯಾಹ್ನದವರೆಗೆ ಮತ್ತೆ ಮತ್ತೆ ಸಿಕ್ಕಿಕೊಂಡಿತು. ಒಮ್ಮೆಯೂ ಅವನು ತಟ್ಟೆ ಖಾಲಿ ಮಾಡಲಿಲ್ಲ. ನಾನು ನೋಡುತ್ತಿದ್ದೆನಲ್ಲ, ಮಾಡಿದ್ದರೆ ನನ್ನ ಮಾತು ಕೇಳಿದಂತಾಗುತ್ತಿತ್ತು. ಡಬ್ಬಿ ತುಂಬಿದ ಮೇಲೆ ಕೈ ಒರೆಸಿಕೊಂಡು ಊಟಕ್ಕೆ ಹೊರಟ.

ಹಿಡಿ ಅರ್ಧಕ್ಕೆ ನಿಂತಾಗಲೆಲ್ಲ ಒಂದು ತೋಟಾ ಮದ್ದಿಲ್ಲದೆ ಡಬ್ಬಿ ಸೇರಿರಬಹುದಿತ್ತು. ಮದ್ದಿಲ್ಲದ ತೋಟಾ ಏನು ಮಾಡುತ್ತದೆ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಕೇಪೊಂದೇ ಸಿಡಿದು ಗುಂಡನ್ನು ನಳಿಗೆಯ ನಡುವಿನವರೆಗೆ ತಳ್ಳಿ ಅಲ್ಲೇ ಸಿಕ್ಕಿಸಿಬಿಡುತ್ತದೆ. ಪಂದ್ಯದಲ್ಲಿ ಬೇಗ ಬೇಗ ಹೊಡೆಯುವವಳು ಅದನ್ನು ಗಮನಿಸದೆ ಮುಂದಿನದನ್ನು ಹಾರಿಸಿದರೆ ನಳಿಗೆ ಕೈಯಲ್ಲೇ ಒಡೆಯುತ್ತದೆ. ತೂಕ ಹಾಕಿ ಹುಡುಕೋಣವೆಂದರೆ ಆಗದು. ಹಿತ್ತಾಳೆ ಚಿಪ್ಪುಗಳ ತೂಕದಲ್ಲೇ ಮದ್ದಿನ ತೂಕಕ್ಕಿಂತ ಹೆಚ್ಚು ಏರುಪೇರು ಇರುತ್ತದೆ.

ನಾನು ಡಾರ್ಲಾಗೆ ಫೋನ್ ಮಾಡಿದೆ. ಚಿಕ್ಕಪ್ಪ ತುಂಬಿದ್ದನ್ನು ಮುಟ್ಟಬೇಡ, ಅಂಗಡಿಯದನ್ನು ಕೊಂಡುಕೋ ಎಂದೆ. ಅವಳು ನಕ್ಕಳು.

"ಅಮ್ಮ, ಹೋದ ಕ್ರಿಸ್‌ಮಸ್‌ಗೆ ನಿನ್ನ ಕೇಕು ತಿಂದ್ರೆ ಆಸ್ಪತ್ರೆ ಸೇರ್ತೀಯ ಅಂತ ಮರ್ಲ್ ಅಂಕಲ್ ಹೇಳಿದ್ರು. ಅದನ್ನೂ ನಾನು ನಂಬಲಿಲ್ಲ."

ನಿಜವಾಗಿಯೂ ಅಪಾಯ ಇದೆ ಎಂದೆ. ನಿಮ್ಮಿಬ್ಬರದು ಯಾವಾಗಲೂ ನಿಜವಾಗಿಯೇ ಇರುತ್ತದೆ ಎಂದು ಫೋನ್ ಇಟ್ಟಳು. ನಮ್ಮ ಜಗಳ ಎಷ್ಟು ಹಳೆಯದೆಂದರೆ ಅದರೊಳಗಿನ ಸತ್ಯವೂ ಯಾರ ಕಿವಿಗೂ ಹೋಗುತ್ತಿರಲಿಲ್ಲ. ಡಬ್ಬಿ ಬಚ್ಚಿಡಬಹುದಿತ್ತು. ಬಚ್ಚಿಟ್ಟರೆ ಅವನು ಅದೇ ಚಿಪ್ಪುಗಳನ್ನು ಅದೇ ಹಟದಲ್ಲಿ ಇನ್ನೊಂದು ಡಬ್ಬಿ ತುಂಬುತ್ತಿದ್ದ.

ಗೋಡೆಗೆ ತೂಗುಹಾಕಿದ್ದ, ತೋಟಾ ಬಿಚ್ಚುವ ಸುತ್ತಿಗೆ ತೆಗೆದುಕೊಂಡೆ. ಅದರ ಟೊಳ್ಳು ತಲೆಯೊಳಗೆ ತೋಟಾ ಸಿಕ್ಕಿಸಿ ಹೊಡೆದರೆ ಗುಂಡೂ ಮದ್ದೂ ಕಳಚಿ ಒಳಗೆ ಬೀಳುತ್ತವೆ. ಮರದ ತುಂಡಿನ ಮೇಲೆ ಹೊಡೆಯಬೇಕು. ನಾನು ನೆಲದ ಸಿಮೆಂಟಿನ ಮೇಲೇ ಹೊಡೆದೆ, ಹತ್ತಿರ ಮರ ಇರಲಿಲ್ಲ. ಸುತ್ತಿಗೆ ಪುಟಿಯಿತು, ಒಂದು ತೋಟಾ ಬಿಚ್ಚಲು ಬಹಳ ಹೊತ್ತಾಯಿತು. ಬಿಚ್ಚಿದ್ದರಲ್ಲಿ ಮದ್ದಿತ್ತು. ಎರಡನೆಯದರಲ್ಲೂ ಇತ್ತು. ಮೂರನೆಯದನ್ನು ಹೊಡೆಯುತ್ತಿದ್ದಾಗ ಮರ್ಲ್ ಬಂದ. ಬಾಯಿಯ ಮೂಲೆಯಲ್ಲಿ ಕೆಫೆಯ ದಾಲ್ಚಿನ್ನಿ ರೋಲಿನ ಸಕ್ಕರೆ ಇನ್ನೂ ಅಂಟಿತ್ತು.

ಅವನಿಗೆ ವಿಷಯ ತಿಳಿಯಲು ತಡವಾಗಲಿಲ್ಲ. ಡಾರ್ಲಾಳ ತೋಟಾಗಳನ್ನು ಹಾಳು ಮಾಡುತ್ತಿದ್ದೇನೆಂದು ಬೈದ, ರಾಯ್ಡನ್ ಇಂಥವಳನ್ನು ಎಲ್ಲಿಂದ ತಂದನೋ ಎಂದ, ಅದು ಹೊಸ ಬೈಗುಳವೇನಲ್ಲ. ನಾನು ಹೊಡೆಯುತ್ತಲೇ ಇದ್ದೆ. ಸುತ್ತಿಗೆ ಓರೆಯಾಗಿ ಬಿದ್ದು ಮತ್ತೆ ಪುಟಿಯಿತು. ಅವನ ಮಾತು ನಿಂತು ಕಣ್ಣು ಸುತ್ತಿಗೆಯ ಮೇಲೆ ನೆಟ್ಟಿತು. ನಾನು ಮತ್ತೂ ಓರೆಯಾಗಿ ಹೊಡೆದೆ. ಅವನ ಹಣೆ ಒದ್ದೆಯಾಯಿತು.

"ಕೊಡಿಲ್ಲಿ. ಸಿಮೆಂಟಿನ ಮೇಲೆ ಯಾವ ದಡ್ಡಿ ಹೊಡೀತಾಳೆ? ತಲೆ ಸೀಳಿ ಹೋಗತ್ತೆ ಅದರದ್ದು."

"ನನ್ನ ಅರ್ಧ ನಾನು ಬಿಚ್ತೀನಿ."

"ನಿನ್ನ ಅರ್ಧ ಬಿಚ್ಚೋಕೆ ನಿಂಗೆ ಬರಲ್ಲ. ಕೊಡು ಅಂದೆ."

ಕಿತ್ತುಕೊಂಡ. ಹೊರಗಿನಿಂದ ಸೌದೆಯ ತುಂಡು ತಂದು, ಗರಗಸದಿಂದ ಕೊಯ್ದ ಮುಖ ಮೇಲೆ ಬರುವಂತೆ ನಿಲ್ಲಿಸಿ, ಹೀಗೆ ಹೊಡೆಯಬೇಕು ಎಂದು ತೋರಿಸಲು ಒಂದು ಬಿಚ್ಚಿದ. ಎರಡೇ ಏಟಿಗೆ ಕಳಚಿತು. ನನಗೆ ಅರ್ಥವಾಗಲಿಲ್ಲ ಎಂದೆ. ಇನ್ನೊಂದು ಬಿಚ್ಚಿದ. ಹಾಗೆ ಬಿಚ್ಚುತ್ತ, ನನ್ನ ಮೊಂಡುತನವನ್ನೂ ನನ್ನ ತವರಿನವರ ಮೊಂಡುತನವನ್ನೂ ಬೈಯುತ್ತ, ಡಬ್ಬಿಯ ಕಾಲು ಭಾಗ ಇಳಿಸಿದ. ಕಳಚಿದ ಮದ್ದನ್ನು ಬಟ್ಟಲಿಗೆ ಸುರಿಯುವುದು ನನ್ನ ಕೆಲಸವಾಯಿತು.

ಒಂದು ತೋಟಾ ಕಳಚಿದಾಗ ಗುಂಡು ಮಾತ್ರ ಬಿತ್ತು. ಸುತ್ತಿಗೆಯ ತಲೆಯನ್ನು ತಲೆಕೆಳಗು ಮಾಡಿ ಕುಟ್ಟಿದ. ಏನೂ ಬೀಳಲಿಲ್ಲ. ಚಿಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿದ, ಬೆರಳು ತೂರಿಸಿ ತೆಗೆದು ಬೆರಳನ್ನೂ ನೋಡಿದ. ಅವನ ಮುಖ ಹಿಟ್ಟಿನ ಹಾಗೆ ಬಿಳಿಚಿತ್ತು. ಡಾರ್ಲಾಳಿಗೆ ಸೈಕಲ್ ಕಲಿಸಿದವನು ಅವನೇ.

"ನೀನೇ ಖಾಲಿ ಮಾಡಿ ಇಟ್ಟಿದ್ದೀಯ," ಎಂದ.

ನಾನು ಡಬ್ಬಿಯನ್ನು ಅವನ ಕಡೆಗೆ ಸರಿಸಿದೆ. ಅವನು ಇನ್ನೊಂದು ತೋಟಾ ತೆಗೆದು ಸಿಕ್ಕಿಸಿದ. ಡಬ್ಬಿ ಬರಿದಾಗುವವರೆಗೆ ಹೊಡೆದ. ಅಂಥದ್ದು ಇನ್ನೊಂದು ಸಿಕ್ಕಿತು. ಅದನ್ನು ಜೇಬಿಗೆ ಹಾಕಿಕೊಂಡ, ನಾನು ನೋಡಲಿಲ್ಲವೆಂದುಕೊಂಡ.

ಆಮೇಲೆ ಬೋಗುಣಿಯಲ್ಲಿದ್ದ ಚಿಪ್ಪನ್ನೆಲ್ಲ ಬೆಂಚಿನ ಮೇಲೆ ಸುರಿದು ಇಬ್ಬರೂ ಎರಡು ಕಡೆಯಿಂದ ಒಂದೊಂದು ಚಿಪ್ಪಿನ ಬಾಯಿ ನೋಡಿ ನೋಡಿ ಆರಿಸಿದೆವು. ಹೊಸದಾಗಿ ತುಂಬಲು ಶುರು ಮಾಡಿದ. ಸರಾಗವಾಗಿ ನಡೆಯಿತು. ಡಾರ್ಲಾಳ ಕಾರು ಅಂಗಳಕ್ಕೆ ತಿರುಗುವ ಹೊತ್ತಿಗೆ, ನಮ್ಮ ಕಣ್ಣು ತಪ್ಪಿಸಿಕೊಂಡಿದ್ದ ಒಂದು ಜೋಡಿ ಚಿಪ್ಪು ಕೊಳವೆಯ ಬಾಯಲ್ಲಿ ಸಿಕ್ಕಿ ಹಿಡಿ ನಡುವೆ ನಿಂತಿತು.

ಮರ್ಲ್ ಅಲ್ಲಾಡಲಿಲ್ಲ. ಹಿಡಿಯ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದ.

"ಆ ಕಡೆ ತಿರುಗು," ಎಂದ.

ನಾನು ಸ್ಟೂಲಿನ ಮೇಲೆ ಗೋಡೆಯ ಕಡೆಗೆ ತಿರುಗಿ ಕೂತೆ. ಬೆನ್ನ ಹಿಂದೆ ಅವನು ತಟ್ಟೆಯ ಮೇಲಿನ ಚಿಪ್ಪುಗಳನ್ನು ಕಿತ್ತು ಒಂದೊಂದಾಗಿ ತಗಡಿನ ಡಬ್ಬಕ್ಕೆ ಹಾಕುವುದು ಕೇಳಿಸಿತು.